ಮಂಗಲ ಕಾಕು ತವಂದಿ ಘಾಟ ಹತ್ತಿದ ದಿನ

ನನಗ ಸಿಟ್ಟು ಮೂಗಿನ ತುದಿಮ್ಯಾಲೆ. ಇದನ್ನ ಮೊದಲ ಹೇಳಿಬಿಡತೀನಿ, ಯಾಕಂದ್ರ ಮುಂದ ಹೇಳೂ ಮಾತಿನ್ಯಾಗ ನನ್ನ ಸಿಟ್ಟಿಂದೂ ನನ್ನ ಡೌಲಿಂದೂ ಪಾಲೈತಿ. ನನ್ನ ಹೆಸರು ಸಿದ್ದಲಿಂಗ. ಊರು ಅಥಣಿ ತಾಲೂಕಿನ ತೆಲಸಂಗ. ಇಪ್ಪತ್ತೆರಡು ವರ್ಷ ಡೀಸಲ್ ಜೀಪ ಹೊಡದಾಂವ. ಹೋದ ಯುಗಾದಿಗೆ ಜೀಪ ಮಾರಿ ಪುಣೆದಿಂದ ಒಂದು ಸೆಕೆಂಡ್ ಹ್ಯಾಂಡ್ ಕರೆಂಟಿನ ಕಾರ ತಂದ್ನಿ. ನಮ್ಮೂರಾಗ ಅದ ಮೊದಲನೇದು. ಆದ್ರ ಈ ಕತಿ ನಂದಲ್ಲ, ನನ್ನ ಬಾಜೂ ಮನಿ ಮಂಗಲ ಕಾಕುಂದು.

ಕಾಕು ಅಂದ್ರ ರಕ್ತಸಂಬಂಧ ಅಲ್ಲ ಮತ್ತ. ಅವರು ಜೈನರು, ನಾವು ಲಿಂಗಾಯತರು, ನಡುವ ಒಂದ ಗ್ವಾಡಿ. ನಮ್ಮವ್ವ ತೀರಿಕೊಂಡಾಗ ನನಗ ಒಂಬತ್ತು ವರ್ಷ. ಅವತ್ತಿಂದ ನಾ ಸಾಲಿಂದ ಬಂದ ಕೂಡ್ಲೆ ಗ್ವಾಡಿ ಆಚಿಂದ ಧ್ವನಿ ಬರತಿತ್ತು, "ಉಂಡಿಯೇನೋ ಸಿದ್ದು?" ಇಲ್ಲಾ ಅಂದ್ರ ತಾಟು ಬರತಿತ್ತು. ಹೂಂ ಅಂದ್ರ "ಸುಳ್ಳ ಬೊಗಳತೀ, ಭಾಡ್ಯಾ" ಅಂತ ಬೈಗುಳ ಬರತಿತ್ತು, ಅದರ ಹಿಂದ ತಾಟೂ ಬರತಿತ್ತು. ಹೊತ್ತು ಮುಣಗಿದ ಮ್ಯಾಲೆ ಅವರ ಮನ್ಯಾಗ ಒಲಿ ಹೊತ್ತೂದಿಲ್ಲ. ಅದಕ್ಕ ನಾ ಗೋಲಿ ಆಡಾಕ ಎಲ್ಲಿ ಹೋಗಿದ್ರೂ ಹೊತ್ತ ಮುಣಗೂದರೊಳಗ ಹುಡಕಿ, ಕಿವಿ ಹಿಡಕೊಂಡ ಬಂದು ಉಣಸತಿದ್ಲು. ಉಣಸೂದಂದ್ರ ಆಕಿಗೆ ಒಂದು ಹುಚ್ಚು.

ಕಾಕು ಬೇಡಕಿಹಾಳದ ಮಗಳು. ಬಾವಿ, ಕಬ್ಬು, ನಾಕು ಎಮ್ಮಿ ಇದ್ದ ಮನ್ಯಾಗ ಬೆಳದಾಕಿ, ಹತ್ತೊಂಬತ್ತಕ್ಕ ನಮ್ಮ ಒಣಾ ಊರಿಗೆ ಸೊಸಿಯಾಗಿ ಬಂದ್ಲು. ಗಂಡ ರಾವಸಾಹೇಬ ಕಾಕಾ, ಹದಿನಾರು ಎಕರೆ ಬಿಳಿಜ್ವಾಳದ ಹೊಲ, ಮಾತು ಕಡಿಮಿ. ಆ ಮನ್ಯಾಗ ಮಾತೆಲ್ಲಾ ಕಾಕುಂದ. ಎಂಟು ವರ್ಷ ಮಕ್ಕಳಾಗಲಿಲ್ಲ. ಆಮ್ಯಾಲೆ ಉಜ್ವಲಾ ಹುಟ್ಟಿದ್ಲು, ಒಬ್ಬಾಕೆ. ಕಾಕು ಆಕಿಗೆ ಉಜ್ಜೂ ಅಂತಿದ್ಲು. ಆ ಹುಡುಗಿ ಒಂದ ರೊಟ್ಟಿ ಉಣ್ಣಾಕ ಅರ್ಧ ತಾಸು ಮಾಡತಿತ್ತು. ಕಾಕು ತುತ್ತು ಹಿಡಕೊಂಡು ಅಂಗಳದ ತುಂಬ ಅದರ ಹಿಂದ ಓಡತಿದ್ಲು. ನಾ ಕಟ್ಟಿಮ್ಯಾಲೆ ಕುಂತು ನಗತಿದ್ನಿ.

ಉಜ್ವಲಾ ಅಥಣ್ಯಾಗ ಬಿ.ಎಸ್ಸಿ. ಮಾಡೂ ಮುಂದ ಅಲ್ಲಿ ಒಂದು ಜೈನ ಸಾಧುಗಳ ಸಂಘ ಮಳಿಗಾಲದ ನಾಕು ತಿಂಗಳು ತಳಾ ಊರಿತ್ತು. ಹುಡುಗಿ ಕಾಲೇಜ ಬಿಟ್ಟು ಬರೂ ಮುಂದ ಪ್ರವಚನ ಕೇಳಾಕ ಹೋಗತಿತ್ತು. ಒಂದಿನ ಮನಿಗೆ ಬಂದು, "ಅವ್ವಾ, ನಾ ದೀಕ್ಷಾ ತಗೋತೀನಿ" ಅಂತು. ಅವಾಗ ಆಕಿಗೆ ಇಪ್ಪತ್ತೊಂದು. ಕಾಕಾ ಮೂರ ದಿನ ಹೊಲದಾಗ ಕುಂತು, ನಾಕನೇ ದಿನ ಹೂಂ ಅಂದ. ಕಾಕು ಅನ್ನಲಿಲ್ಲ. ಬೈದ್ಲು, ಅತ್ತಳು, ಮಗಳ ಕೂಡ ಮಾತ ಬಿಟ್ಲು.

ದೀಕ್ಷಾ ತಗೋಳೂರನ್ನ ಅದಕ್ಕಿಂತ ಮೊದಲ ಮನಿಮನಿಗೆ ಕರದು ಉಣಸೂ ಪದ್ಧತಿ ಅವರಾಗ ಐತಿ. ಮುಂದ ಆ ಮನಿಷಾ ತಾಟಿನ್ಯಾಗ ಉಣ್ಣೂದಿಲ್ಲ, ಬೇಕಂತ ಕೇಳೂದಿಲ್ಲ, ಅದಕ್ಕ. ತೆಲಸಂಗದಾಗ ಒಂದು ವಾರ ಉಜ್ವಲಾನ್ನ ಎಲ್ಲಾರೂ ಉಣಿಸಿದ್ರು. ನಮ್ಮ ಮನ್ಯಾಗೂ ಬಂದು ಕಡಬು ಉಂಡು ಹೋದ್ಲು. ಕಡೀ ದಿನ ತಾಯಿ ಮನೀದು. ಅವತ್ತ ಕಾಕು ಅಡಗಿ ಮನಿಗೆ ಕೀಲಿ ಹಾಕಿ, ಕೀಲಿಕೈ ಸೆರಗಿಗೆ ಗಂಟಹಾಕ್ಕೊಂಡು ತವರಿಗೆ ಹೋಗಿಬಿಟ್ಲು! ಹುಡುಗಿ ಬಾಗಲದಾಗ ಸ್ವಲ್ಪ ಹೊತ್ತು ನಿಂತು ಹೋತು. ದೀಕ್ಷಾಕ್ಕೂ ಕಾಕು ಹೋಗಲಿಲ್ಲ.

ಹದಿನಾಕು ವರ್ಷ ಆತು. ಉಜ್ವಲಾ ಈಗ ಮಾತಾಜಿ. ಬಿಳಿ ಸೀರಿ, ಕೈಯಾಗ ನವಿಲಗರಿ ಪಿಂಛಿ, ಬರಿಗಾಲು. ವಾಹನ ಹತ್ತೂದಿಲ್ಲ, ಫೋನ್ ಮುಟ್ಟೂದಿಲ್ಲ. ನಡಕೋತ ರಾಜಸ್ಥಾನದಾಗ ಅದಾರಂತ, ಮಧ್ಯಪ್ರದೇಶದಾಗ ಅದಾರಂತ ಅಂತ ಸುದ್ದಿ ಬರತಿತ್ತು. ಕಾಕು ಮಾತ್ರ ಎಂದೂ ಹೆಸರು ತಗೀಲಿಲ್ಲ. ಆದ್ರ ಒಂದು ಸಲ ನನ್ನ ಮುಂದ ಜ್ವಾಳಾ ಹಸನ ಮಾಡಕೋತ ಅಂದ್ಲು, "ಸಿದ್ದು, ಊರೆಲ್ಲಾ ಉಣಿಸಿ ಕಳಿಸ್ತೋ. ಹಡದಾಕಿ ಉಣಸಲಿಲ್ಲ. ಒಂದ ಸಲ, ಒಂದ ತುತ್ತು ಆಕಿ ಬೊಗಸ್ಯಾಗ ಹಾಕಿ ಸಾಯಬೇಕು ನೋಡು." ನಾ ಎದ್ದ ಬಂದ್ನಿ.

ಈ ಜನವರ್ಯಾಗ ಸುದ್ದಿ ಬಂತು: ಸಂಘ ಕೊಲ್ಲಾಪುರ ಕಡಿಂದ ಇಳದು ಬರಾಕತ್ತೈತಿ, ನಿಪ್ಪಾಣ್ಯಾಗ ಒಂದು ರಾತ್ರಿ ಇದ್ದು, ಮರುದಿನ ಮುಂಜಾನೆ ತವಂದಿ ಘಾಟ ಹತ್ತಿ ಮ್ಯಾಲಿನ ಒಂದು ಸಣ್ಣ ಬಸದಿಗೆ ಮುಟ್ಟತೈತಿ, ಅಲ್ಲೆ ಆಹಾರ, ಮಧ್ಯಾಹ್ನ ಮುಂದಕ. ಕಾಕುನ ಕೈಯಾಗ ಅದೊಂದ ದಿನ. ಯಾಕಂದ್ರ ರಾವಸಾಹೇಬ ಕಾಕಾಗ ಲಕ್ವಾ ಹೊಡದು ಎರಡು ವರ್ಷ, ಕಾಟಿನ ಮ್ಯಾಲೆ ಅದಾನ. ನನ್ನ ಹೆಂಡತಿ ಸಂಜೀತನಕ ನೋಡಕೋತೀನಿ ಅಂದ್ಲು. ಮುಂದಿನೂರಿಗೆ ಬೆನ್ನ ಹತ್ತಿ ಹೋಗೂ ಹಂಗಿಲ್ಲ.

ಇಲ್ಲೆ ಒಂದು ಮಾತು ಹೇಳಬೇಕು. ಆ ಸಾಧುಗಳು ದಿನಕ್ಕ ಒಂದ ಸಲ ಉಣ್ಣೂದು. ನೀರೂ ಅವಾಗ ಮಾತ್ರ. ಮುಂಜಾನೆ ಹತ್ತರ ಸುಮಾರಕ್ಕ ಹೊರಬೀಳತಾರ. ಮಡಿಲೆ ಅಡಗಿ ಮಾಡಿ ಬಾಗಲದಾಗ ನಿಂತು ಕರದವರ ಕಡೆ ಹೋಗಿ, ಬೊಗಸಿ ಒಡ್ಡತಾರ. ಆ ಹೊತ್ತು ಮೀರಿತೋ, ಮರುದಿನದ ಮಟಾ ಹನಿ ನೀರೂ ಇಲ್ಲ. ಉಣಸೂರ ಸೀರಿ ಅವತ್ತ ಒಗದಿದ್ದಿರಬೇಕು, ಬ್ಯಾರೆ ಯಾರೂ ಮುಟ್ಟಿರಬಾರದು, ಹಸೀನೂ ಇರಬಾರದು. ಕಾಕು ಒಂದು ವಾರ ತಯಾರಿ ಮಾಡಿದ್ಲು. ಬೀಸೂ ಕಲ್ಲಿನ್ಯಾಗ ತಾನ ಜ್ವಾಳಾ ಬೀಸಿದ್ಲು, ಹೆಸರ ಬ್ಯಾಳಿ ಒಂದೊಂದ ಕಾಳು ನೋಡಿ ಹಸನ ಮಾಡಿದ್ಲು. ಮಾತಾಜಿ ಉಪ್ಪು ಬಿಟ್ಟಾರ, ಸಿಹಿ ಬಿಟ್ಟಾರ ಅಂತ ಕೇಳಿದ್ಲು. "ಉಪ್ಪಿಲ್ಲದ ರೊಟ್ಟಿ ಹ್ಯಾಂಗ ಉಣತೈತೋ ನನ್ನ ಕೂಸು" ಅಂತ ಒಲಿ ಮುಂದ ಕಣ್ಣ ಒರಸಿಕೊಂಡ್ಲು.

"ಏನ್ ಚಿಂತಿ ಮಾಡಬ್ಯಾಡ ಕಾಕು, ನನ್ನ ಗಾಡ್ಯಾಗ ಹೋಗೂಣು, ಎಂಟಕ್ಕ ನಿನ್ನ ಬಸದಿ ಮುಂದ ಇಳಸತೀನಿ" ಅಂದ್ನಿ. ನಮ್ಮೂರಿಂದ ಅಲ್ಲಿಗೆ ನೂರಾ ಇಪ್ಪತ್ತೆರಡು ಕಿಲೋಮೀಟರ್. ಬ್ಯಾಸಗ್ಯಾಗ ಫುಲ್ ಚಾರ್ಜ ಮಾಡಿದ್ರ ಸ್ಕ್ರೀನ್ ನೂರಾ ತೊಂಬತ್ತೈದು ಕಿಲೋಮೀಟರ್ ಹೋಗತೈತಿ ಅಂತ ತೋರಸತಿತ್ತು. ಅವತ್ತ ನಸುಕಿನ್ಯಾಗ ನೋಡಿದ್ರ ನೂರಾ ಅರವತ್ತೆಂಟು. ಥಂಡಿಗೆ ಬ್ಯಾಟರೀನೂ ಮುದುಡಿಕೊಂಡಿತ್ತು, ಆದ್ರ ಅದು ನನಗ ಎಲ್ಲಿ ಗೊತ್ತು? ಗಾಡಿಗೆ ಅದು ಮೊದಲನೇ ಚಳಿಗಾಲ, ನನಗೂ ಅಷ್ಟ. ಸಾಕಷ್ಟಾತು ಬಿಡು ಅಂದ್ಕೊಂಡ್ನಿ.

ನಾಕೂವರಿಗೆ ಕಾಕು ಹೊರಗ ಬಂದ್ಲು. ಕೈಯಾಗ ಹಸೀ ಸೀರಿ. ಆಗಷ್ಟ ಒಗದು ಹಿಂಡಿದ್ದು. ಮಂಜು ಅಂದ್ರ ಮಂಜು, ಎದರಿನ ಬೇವಿನ ಗಿಡ ಕಾಣಾಕತ್ತಿರಲಿಲ್ಲ. "ಅಲ್ಲೆ ಹೋಗಿ ಒಗದ್ರ ಒಣಗೂದಿಲ್ಲೋ, ಇಲ್ಲೂ ಒಣಗೂದಿಲ್ಲ, ಏನ ಮಾಡಲಿ?" ಅಂತ ಕಾಕು ಕಂಗಾಲಾದ್ಲು. ನಾನ ಅಂದ್ನಿ, ಯಾರೂ ಕೇಳಿರಲಿಲ್ಲ, ನಾನ ಅಂದ್ನಿ: "ಹಿಂದಿನ ಸೀಟಿನ ಮ್ಯಾಲೆ ದಾರಾ ಕಟ್ಟಿ ಹರವು ಕಾಕು. ಹೀಟರ ಹಚ್ಚತೀನಿ. ಚಿಕ್ಕೋಡಿ ಬರೂದರಾಗ ಹಪ್ಪಳ ಆಗತೈತಿ." ಕಾಕುನ ಮುಖ ಅರಳಿತು. ಜೀಪಿನ್ಯಾಗ ಹೀಟರಂದ್ರ ಇಂಜಿನ್ ಕಾವು, ಪುಕ್ಕಟೆ. ಇಪ್ಪತ್ತೆರಡು ವರ್ಷ ಪುಕ್ಕಟೆ ಕಾವು ಉಂಡಾಂವ ನಾ. ಈ ಗಾಡ್ಯಾಗೂ ಹಂಗ ಅಂತ ತಿಳಕೊಂಡು ಹೀಟರ ಪೂರ್ತಿ ತಿರವಿದ್ನಿ.

ಗಾಡ್ಯಾಗ ಹಿತಾ ಅಂದ್ರ ಹಿತಾ. ಕಾಕು ಮುಂದಿನ ಸೀಟಿನ್ಯಾಗ, ಕಾಲಬುಡಕ ಹಿಟ್ಟಿನ ಡಬ್ಬಿ, ಹಿಂದ ಪಾತ್ರೆ, ಅದರ ಮ್ಯಾಲೆ ಸೀರಿ. ಅಥಣಿ ದಾಟಿದ್ವಿ. ಕೃಷ್ಣಾ ಹೊಳಿ ಪೂಲ್ ಮ್ಯಾಲೆ ಕಬ್ಬಿನ ಟ್ರ್ಯಾಕ್ಟರ್ ಸಾಲು ನಿಂತಿತ್ತು, ಅಲ್ಲೆ ಇಪ್ಪತ್ತು ಮಿನಿಟು ಹೋತು, ಹೀಟರ ನಡದ ಇತ್ತು. ಕಾಕು ದಾರಿ ತುಂಬ ಮಾತಾಡಿದ್ಲು. "ದಪ್ಪಗಾಗ್ಯಾಳೋ, ಸೊರಗ್ಯಾಳೋ. ತಲಿಗೂದಲ ಮೊಳಕಾಲತನಕ ಇದ್ವು ನೋಡು, ಕೈಲೇ ಕಿತ್ತ ತಗೀತಾರಂತ. ನನ್ನ ಗುರತ ಹಿಡದಾಳೇನೋ?" ಹಡದಾಕಿ ಗುರತ ಹಿಡೀಲಾರದ ಏನಾಗತೈತಿ ಅಂತ ನಾ ಸಿಡುಕಿದ್ನಿ.

ಚಿಕ್ಕೋಡ್ಯಾಗ ಸ್ಕ್ರೀನ್ ನಲವತ್ತೆಂಟು. ಉಳದ ದಾರಿ ಮೂವತ್ತೈದು. ಗಾಡಿ ಸುಳ್ಳ ಹೇಳಾಕತ್ತೈತಿ ಅಂತ ಸ್ಕ್ರೀನಿಗೆ ಒಂದು ಬಡದ್ನಿ. ನಿಪ್ಪಾಣಿ ಬರೂದರಾಗ ಹತ್ತೊಂಬತ್ತು. ಉಳದದ್ದು ಹನ್ನೆರಡು, ಆದ್ರ ಅದರಾಗ ಬಾಳಷ್ಟು ಏರು. ಹೆದ್ದಾರಿ ಬಾಜೂಕ ಒಂದು ಹೋಟೆಲಿನ್ಯಾಗ ಚಾರ್ಜಿಂಗ್ ಇತ್ತು, ಅಲ್ಲಿ ಮೊದಲ ಒಂದು ಕಾರ ನಿಂತಿತ್ತು. "ಅರ್ಧ ತಾಸು ಆಗತೈತ್ರಿ" ಅಂದ ಅದರ ಮಾಲಕ. ಆಮ್ಯಾಲೆ ನಂದು ಅರ್ಧ ತಾಸು. ಅಲ್ಲಿಗೆ ಒಂಬತ್ತಾತು, ಅಡಗಿ ಯಾವಾಗ ಮಾಡೂದು?

"ಮುಟ್ಟತೈತೇನೋ ಸಿದ್ದು?" ಕಾಕು ಕೇಳಿದ್ಲು. ಬರೇ ಅಷ್ಟ ಕೇಳಿದ್ಲು. ಗೊತ್ತಿಲ್ಲ ಕಾಕು ಅಂತ ಅಂದಿದ್ರ ಆಕಿ ಯಾರದಾರ ಗಾಡಿಗೆ ಕೈ ಮಾಡತಿದ್ಲು. ಆದ್ರ ಊರಿಗೆಲ್ಲಾ ನನ್ನ ಗಾಡಿ ಹಂಗ, ನನ್ನ ಗಾಡಿ ಹಿಂಗ ಅಂತ ಹೇಳಿಕೊಂಡ ಬಾಯಿ ಇದು. "ಮುಟ್ಟದ ಏನಾಗತೈತಿ!" ಅಂದ್ನಿ.

ಘಾಟಿನ ಬುಡಕ್ಕ ಬಂದ್ವಿ. ಮಂಜಿನ್ಯಾಗ ಮುಂದ ಒಂದು ಹತ್ತ ಮಂದಿ ನಡದಿದ್ರು. ದಿಗಂಬರ ಮುನಿಗಳು ನಾಕು ಮಂದಿ, ಹಿಂದ ಬಿಳಿ ಸೀರಿ ಉಟ್ಟ ಮೂರು ಮಂದಿ, ಜೋಡಿ ಚೀಲಾ ಹೊತ್ತ ಭಕ್ತರು. ಆ ಥಂಡ್ಯಾಗ ಬರಿಗಾಲು. ಕಾಕು ಕಾಚಿಗೆ ಮುಖಾ ಹಚ್ಚಿದ್ಲು. ನಾ ಬ್ರೇಕ್ ಒತ್ತಿದ್ನಿ.

"ನಿಂದರಿಸಬ್ಯಾಡ!" ಅಂದ್ಲು ಕಾಕು. "ನಡಿ, ನಡಿ. ಅವರು ಮುಟ್ಟೂದರಾಗ ನನ್ನ ಅಡಗಿ ಆಗಬೇಕು."

"ಅದರಾಗ ಉಜ್ವಲಾ ಯಾರು?"

"ನಡಕಿನಾಕಿ," ಅಂದ್ಲು. "ಎಡಗಾಲ ಸ್ವಲ್ಪ ಹೊರಗ ಹಾಕತಾಳ. ಸಣ್ಣಾಕಿದ್ದಾಗಿಂದ."

ಏರು ಸುರುವಾತು. ಜೀಪಾಗಿದ್ರ ಗೇರ್ ಹಾಕಿ ಗುದ್ದ್ಯಾಡಬಹುದು, ಇಲ್ಲಿ ಏನ ಗುದ್ದ್ಯಾಡೂದು? ಒಂದು ಕಿಲೋಮೀಟರ್ ಹೋದ್ರ ಸ್ಕ್ರೀನಿನ್ಯಾಗ ಮೂರು ಇಳಿಯಾಕತ್ತು. ಹತ್ತು. ಏಳು. ನಾಕು. ಒಂದು ಕೆಂಪು ಆಮಿ ಚಿತ್ರ ಬಂತು, ಗಾಡಿ ಖರೇನ ಆಮಿ ಆತು. ಬಸದಿ ಇನ್ನ ನಾಕು ಕಿಲೋಮೀಟರ್ ಇರೂ ಮುಂದ ರಸ್ತೆ ಬಾಜೂಕ ನಿಂತಬಿಡ್ತು. ಬಂದ ಮಾಡಿದ್ನಿ, ಚಾಲೂ ಮಾಡಿದ್ನಿ, ಬೈದ್ನಿ, ಟಾಯರಿಗೆ ಒದ್ದ್ನಿ. ಅಳು ಬರೂದೊಂದ ಬಾಕಿ. ಆ ಖಟಿಪಿಟಿಯೊಳಗ ಇಪ್ಪತ್ತು ಮಿನಿಟು ಹಾಳಮಾಡಿದ್ನಿ. ಕಾಕು ಒಂದ ಮಾತ ಬೈಲಿಲ್ಲ. ಇಳದು, ಹಿಂದಿನ ಬಾಗಲಾ ತಗದು ಸೀರಿ ನೋಡಿದ್ಲು. ಪೂರ್ತಿ ಒಣಗಿತ್ತು. ತಾನ ಮಡಚಿ ಒಗದ ಚೀಲದಾಗ ಇಟ್ಕೊಂಡ್ಲು.

ಆಮ್ಯಾಲೆ ಹೋಗೂ ಗಾಡಿಗೆಲ್ಲಾ ಕೈ ಮಾಡಿದ್ನಿ. ಹೆದ್ದಾರ್ಯಾಗ ಯಾರ ನಿಂದರತಾರ್ರಿ? ಭರ್ರಂತ ಹೋಗಾಕತ್ತಿದ್ರು. ಕಡೀಕ ಒಂದು ಪಿಕಪ್ ನಿಂತಿತು. ಮಾಳು ಅಂತ ಅವನ ಹೆಸರು, ಸಂಕೇಶ್ವರಕ್ಕ ಕಾಯಿಪಲ್ಲೆ ಒಯ್ಯಾಂವ. "ಬರ್ರಿ ಮಾವಶಿ, ಹತ್ರಿ" ಅಂದ. ಒಂಬತ್ತಕ್ಕ ಹತ್ತು ಮಿನಿಟಿತ್ತು. ಈಗ ಹೋದ್ರೂ ಒಂದು ತಾಸು ಕೈಯಾಗ ಇತ್ತು, ರೊಟ್ಟಿ ಬ್ಯಾಳಿ ಆಗತಿತ್ತು. ನಾ ಓಡಿ ಪಾತ್ರೆ, ಡಬ್ಬಿ ಎಲ್ಲಾ ಹಿಂದ ಏರಿಸಿದ್ನಿ. ಕಾಕು ಒಂದ ಕಾಲು ಪಿಕಪ್ಪಿನ ಮೆಟ್ಟಲದ ಮ್ಯಾಲೆ ಇಟ್ಟಿದ್ಲು.

ಅಷ್ಟರಾಗ ಹಿಂದಿನ ತಿರುವಿನ್ಯಾಗ ಅವರು ಬಂದ್ರು. ಮೊದಲ ಮುನಿಗಳು ದಾಟಿ ಹೋದ್ರು. ಆಮ್ಯಾಲೆ ಬಿಳಿ ಸೀರಿ. ಕಣ್ಣು ನೆಲದ ಮ್ಯಾಲೆ, ಕಾಲ ಬುಡಕ ಇರವಿ ಸಿಗಬಾರದು ಅಂತ ನಾಕು ಮಾರು ಮುಂದಿನ ನೆಲಾ ನೋಡಕೋತ ನಡೀತಾರ. ನಡಕಿನ ಮಾತಾಜಿ ಗಾಡಿ ಸಮಕ್ಕ ಬಂದ್ರು. ಉಜ್ವಲಾನ. ಸೊರಗಿದ್ಲು, ಹಿಮ್ಮಡಿ ಒಡದು ಬಿರಕ ಬಿಟ್ಟಿದ್ವು. ಕಾಕು ಕೈ ಮುಗದ್ಲು. ಮಾತಾಜಿ ಕಣ್ಣ ಎತ್ತಿ ನೋಡಿದ್ರು, ಪಿಂಛಿ ಎತ್ತಿ ಆಶೀರ್ವಾದ ಮಾಡಿದ್ರು, ಮುಂದ ನಡದ್ರು.

"ಹತ್ತು ಕಾಕು!" ನಾ ಒದರಿದ್ನಿ. "ಹೊತ್ತಾಗತೈತಿ, ಹತ್ತು ಅಂದ್ರ!"

ಕಾಕು ಮೆಟ್ಟಲದ ಮ್ಯಾಲಿಂದ ಕಾಲ ತಗದ್ಲು. "ಸಾಮಾನ ಬಸದ್ಯಾಗ ಕೊಟ್ಟ ಹೋಗಪಾ" ಅಂತ ಮಾಳುಗ ಹೇಳಿ, ಸೀರಿ ಚೀಲಾ ಬಗಲಾಗ ಒತ್ತಿಕೊಂಡು ಮಗಳ ಹಿಂದ ನಡದ್ಲು. ಚಪ್ಪಲ್ ಗಾಡಿ ಕಡೇನ ಬಿಟ್ಟಿದ್ಲು. ನನಗ ಸಿಟ್ಟು ನೆತ್ತಿಗೇರಿತು. ಇದ ಮಾಡೂದಿದ್ರ ನಸುಕಿನ್ಯಾಗ ಯಾಕ ಎಬ್ಬಿಸಿದಿ ಅಂತ ಒದರಬೇಕಂದ್ನಿ. ಗಾಡಿಗೆ ಕೀಲಿ ಹಾಕಿ ನಾನೂ ಹಿಂದ ನಡದ್ನಿ.

ಕಾಕುಗ ಮೊಣಕಾಲ ಬ್ಯಾನಿ. ಬಸದಿ ಮೆಟ್ಟಲ ಏರೂದ ಕಷ್ಟ, ಇದು ಘಾಟ. ನೂರು ಹೆಜ್ಜಿ ನಡದು ನಿಂತಳು. ಇಪ್ಪತ್ತು ಹೆಜ್ಜಿ ಮುಂದ ಮಾತಾಜೀನೂ ನಿಂತ್ರು. ಹೊಳ್ಳಿ ನೋಡಲಿಲ್ಲ, ಬರೇ ನಿಂತ್ರು. ಕಾಕು ಮತ್ತ ನಡದ್ರ ಅವರೂ ನಡದ್ರು. ಮುನಿಗಳು, ಉಳಿದವರು ಮುಂದ ಹೋಗಿ ಕಾಣದಂಗಾದ್ರು. ಮಾತಾಜಿ ಜೋಡಿ ಕೋಮಲ ಅಂತ ಒಬ್ಬ ಬ್ರಹ್ಮಚಾರಿಣಿ ಹುಡುಗಿ ಉಳದ್ಲು, ಮಾತಾಜೀನ ಒಬ್ಬರನ್ನ ಬಿಡಬಾರದು ಅಂತ. ಆ ಹುಡುಗಿ ಕೈಗಡಿಯಾರ ನೋಡಕೋತ ಚಡಪಡಿಸಾಕತ್ತಿದ್ಲು.

ಕಾಕುಗೂ ತಿಳೀತು. ದೂರಿಂದನ ಕೈ ಮುಗದು, "ನೀವು ನಡೀರಿ ಮಾತಾಜಿ, ಹೊತ್ತಾಗತೈತಿ, ನಾ ಹಿಂದಿಂದ ಬರತೀನ್ರಿ" ಅಂದ್ಲು. ನಡಿಯೂ ಮುಂದ ಅವರು ಮಾತಾಡೂದಿಲ್ಲ. ಕಾಕು ನಿಂತಲ್ಲೆ ಅವರೂ ನಿಂತ್ರು. ಇನ್ನೊಂದು ತಿರುವು. "ನಡೀರಿ ಅಂದ್ನೆಲ್ರಿ! ಆಹಾರದ ಹೊತ್ತು ತಪ್ಪತೈತಿ, ಮುಂದ ಹೋಗ್ರಿ!" ಬಿಳಿ ಸೀರಿ ಅಲ್ಲೆ ನಿಂತಿತ್ತು. ಹತ್ತೂವರಿ ಆಗಿತ್ತು, ಬಸದಿ ಇನ್ನೂ ಒಂದೂವರಿ ಕಿಲೋಮೀಟರ್. ಅವಾಗ ಕಾಕು ರಸ್ತೆ ನಡಕ ನಿಂತು ಒದರಿದ್ಲು, ಹಳೇ ಧ್ವನಿಲೆ, ಅಂಗಳದಾಗ ಒದರತಿದ್ಲಲ್ಲ, ಹಂಗ: "ಹೋಗ ಉಜ್ಜೂ! ಹಸದೀಯವ್ವಾ, ಹೋಗ ನಮ್ಮವ್ವಾ!"

ಮಾತಾಜಿ ಹೋಗಲಿಲ್ಲ. ಕಾಕು ಸೆರಗಿಲೆ ಮುಖಾ ಒರಸಿಕೊಂಡು ಅವರ ಹಿಂದ ಹೆಜ್ಜಿ ಕಿತ್ತಿಟ್ಲು. ನಾಕು ಕಿಲೋಮೀಟರಿಗೆ ಎರಡೂಕಾಲು ತಾಸು ಆತು.

ಬಸದಿ ಮುಟ್ಟೂದರಾಗ ಹನ್ನೊಂದು ದಾಟಿ ಹತ್ತು ಮಿನಿಟು. ಎಲ್ಲಾರ ಆಹಾರ ಮುಗದಿತ್ತು, ಚೌಕಾ, ಅಂದ್ರ ಆಹಾರದ ಅಡಗಿಮನಿ, ತೊಳಿಯಾಕತ್ತಿದ್ರು. ಒಬ್ಬಾಕಿ ರೊಟ್ಟಿ ಇನ್ನೂ ಬಿಸಿ ಅದಾವ ಅಂತ ಓಡಿ ಬಂದ್ಲು. ಮಾತಾಜಿ ಅತ್ತ ಹೋಗಲಿಲ್ಲ. ಅವತ್ತ ಉಪಾಸ ಅಂತ ತಮ್ಮ ಹಿರೇ ಮಾತಾಜಿ ಮುಂದ ಕುಂತು ನೇಮಾ ತಗೊಂಡ್ರು, ಎದ್ದು ಧ್ಯಾನಕ್ಕ ಹೋದ್ರು. ಕೋಮಲ ನನ್ನ ಕಡೆ ಬಂದು ಮೆಲ್ಲಕ ಅಂದ್ಲು, "ಮಾತಾಜಿ ಎಂದೂ ಇಷ್ಟು ಸಾವಕಾಶ ನಡಿಯೂದಿಲ್ರಿ. ನಿನ್ನೇನೂ ಆಹಾರದಾಗ ಕೂದಲು ಬಂತಂತ ನೇಮದ ಪ್ರಕಾರ ಒಂದ ಬೊಗಸಿಗೆ ಬಿಟ್ಟಿದ್ರು. ಇದು ಎರಡನೇ ದಿನ." ಕಾಕು ಅಲ್ಲೆ ಇದ್ಲು. ಎಲ್ಲಾ ಕೇಳಿಸಿಕೊಂಡ್ಲು.

ಮಧ್ಯಾಹ್ನ ಎರಡಕ್ಕ ದರ್ಶನ ಆತು. ನಲವತ್ತು ಮಂದಿ ಹೆಣ್ಣಮಕ್ಕಳ ನಡುವ ಕಾಕು ಕುಂತ್ಲು. ಮಾತಾಜಿ ಎಲ್ಲಾರಿಗೂ ಒಂದ ನಮೂನಿ ಪಿಂಛಿ ಎತ್ತಿ ಆಶೀರ್ವಾದ ಮಾಡಿದ್ರು. ಮನಿ ಮಾತು ಕೇಳಲಿಲ್ಲ, ಕಾಕು ಹೇಳಲಿಲ್ಲ. ಮೂರಕ್ಕ ಸಂಘ ಮುಂದಕ ಹೋತು. ಕಾಕು ಬಾಗಲದಾಗ ನಿಂತು, ಹೊರಗ ಹಾಕೂ ಎಡಗಾಲು ಕಾಣೂತನಕ ನೋಡಿದ್ಲು.

ಮಾಳು ಸಂಕೇಶ್ವರದಿಂದ ಹೊಳ್ಳಿ ಬಂದಾಂವ ನಮ್ಮನ್ನ ಬಸದಿ ಮುಂದ ಹತ್ತಿಸಿಕೊಂಡು, ನನ್ನ ಗಾಡಿಗೆ ಹಗ್ಗ ಕಟ್ಟಿ ನಿಪ್ಪಾಣಿಗೆ ಎಳಕೊಂಡ ಹೋದ. ಹಂಗ ಎಳೀಬಾರದಂತ, ಅದೂ ಆಮ್ಯಾಲೆ ಗೊತ್ತಾತು. ಚಾರ್ಜಿಂಗ ಕಡೆ ಇದ್ದ ಒಬ್ಬಾಂವ ನನ್ನ ಕತಿ ಕೇಳಿ ತಲಿ ಚಚ್ಚಿಕೊಂಡ. "ಹೀಟರ ಇಡೀ ದಾರಿ ಹಚ್ಚಿದ್ರೇನ್ರಿ? ಇದರಾಗ ಇಂಜಿನ್ನ ಇಲ್ಲ, ಕಾವು ಎಲ್ಲಿಂದ ಬರಬೇಕು? ಎಲ್ಲಾ ಬ್ಯಾಟರಿದ. ಥಂಡಿಗೆ ಬ್ಯಾಟರಿ ಮೊದಲ ಕಡಿಮಿ ಕೊಡತೈತಿ, ಮ್ಯಾಲೆ ಹೀಟರ, ಅದರ ಮ್ಯಾಲೆ ಘಾಟ. ಹೀಟರ ಬಂದ ಮಾಡಿದ್ರ ಆರಾಮ ಮುಟ್ಟತಿದ್ರಿ." ನನಗ ಭೂಮಿ ಬಾಯಿ ಬಿಟ್ರ ಸಾಕು ಅನಸ್ತು.

ಗಾಡ್ಯಾಗ ಕುಂತ ಮ್ಯಾಲೆ ಕಾಕುಗ ಎಲ್ಲಾ ಹೇಳಿದ್ನಿ. "ತಪ್ಪು ನಂದು ಕಾಕು. ಒಂದು ಗುಂಡಿ ಒತ್ತಿದ್ರ ಸಾಕಾಗಿತ್ತು. ನಿನ್ನ ಹದಿನಾಕು ವರ್ಷ ಹಾಳ ಮಾಡಿದ್ನಿ."

"ನಿನ್ನ ಗಾಡಿ ಏನ ಮಾಡೀತು," ಅಂದ್ಲು ಕಾಕು. "ಆ ಪಿಕಪ್ ಹತ್ತಿದ್ರ ನಾ ಉಣಸತಿದ್ನಿ. ಕಾಲ ಹತ್ತಲಿಲ್ಲೋ. ಆಕಿ ಬೆನ್ನು ಕಣ್ಣ ಮುಂದ ಇತ್ತು, ಬಿಟ್ಟ ಹೋಗೂದಾಗಲಿಲ್ಲ." ಮತ್ತ ಅಂದ್ಲು, "ಅಂದು ಕೀಲಿ ಹಾಕಿ ಹಸದ ಹೊಟ್ಟಿಲೆ ಕಳಿಸಿದ್ನಿ. ಇಂದು ಉಣಸಾಕ ಅಂತ ಬಂದು ಮತ್ತ ಉಪಾಸ ಕೆಡವಿದ್ನಿ."

ಕಾಕು ಅವತ್ತ ಉಣ್ಣಲಿಲ್ಲ. ನೀರೂ ಮುಟ್ಟಲಿಲ್ಲ. ನನ್ನ ಹೆಂಡತಿ ಕೈ ಹಿಡದು ಕೇಳಿಕೊಂಡ್ಲು, ನಾ ಬೈದ್ನಿ, ಕಾಟಿನ ಮ್ಯಾಲಿಂದ ರಾವಸಾಹೇಬ ಕಾಕಾ 'ಊಂ ಊಂ' ಅಂತ ಕೈ ಮಾಡಿದ. "ಆಕಿ ನಾಳೆ ಉಣತಾಳ. ಅಲ್ಲೀತನಕ ನನಗ ಬ್ಯಾಡ" ಅಂದ್ಲು.

ಮರುದಿನ ಒಂಬತ್ತರಿಂದ ಕಾಕು ಕಟ್ಟಿಮ್ಯಾಲೆ ಕುಂತಿದ್ಲು. ಹತ್ತೂವರಿಗೆ ನನ್ನ ಕರದ್ಲು. "ಫೋನ್ ಹಚ್ಚು ಸಿದ್ದು, ಈಗ ಆಗಿರಬೇಕು." ಕೋಮಲ ನಂಬರ ಕೊಟ್ಟಿದ್ಲು. ಹಚ್ಚಿದ್ನಿ. "ಆಹಾರ ಆತ್ರಿ," ಅಂದ್ಲು ಹುಡುಗಿ, "ಛಲೋ ಆತು, ಏನೂ ಅಡ್ಡಿ ಬರಲಿಲ್ಲ." ನಾ ಫೋನ್ ಇಟ್ಟು, "ಉಂಡ್ರಂತ ಕಾಕು, ಎದ್ದೇಳು, ಈಗರ ಉಣ್ಣು" ಅಂದ್ನಿ. ನನ್ನ ಹೆಂಡತಿ ತಾಟು ತಂದಿಟ್ಲು.

ಕಾಕು ರೊಟ್ಟಿ ಮುರದ್ಲು. ಬಾಯಿಗೆ ಒಯ್ಯಲಿಲ್ಲ. "ಯಾರ ಉಣಿಸಿದ್ರಂತ?" ಅಂತ ಕೇಳಿದ್ಲು.

"ಯಾರಿದ್ರೇನ ಬಿಡು."

"ಕೇಳೋ ನಮ್ಮಪ್ಪಾ."

ಮತ್ತ ಹಚ್ಚಿದ್ನಿ. ಕೋಮಲ ಹೇಳಿದ್ಲು, "ಯಾರೋ ಒಬ್ರು ಅಜ್ಜಿ ಇದ್ರು ನೋಡ್ರಿ. ಗುರತಿಲ್ಲ. ಕೈ ನಡಗತಿತ್ತು, ಸಾವಕಾಶ ಒಂದೊಂದ ತುತ್ತು ಹಾಕಿದ್ರು. ಮಾತಾಜಿ ಅವಸರ ಮಾಡಲಿಲ್ಲ, ಪೂರ್ತಿ ತಗೊಂಡ್ರು."

ಇದ್ದದ್ದಿದ್ಹಂಗ ಕಾಕುಗ ಹೇಳಿದ್ನಿ. ಕಾಕು ಕೇಳಿದ್ಲು. "ಸಾವಕಾಶ ಹಾಕಿದ್ಲಂತ?" ಅಂದ್ಲು. "ಹೂಂ," ಅಂದ್ನಿ. "ಛಲೋ ಆತು. ಆಕಿಗೆ ಅವಸರ ಮಾಡಿದ್ರ ಉಣ್ಣಾಕ ಆಗೂದಿಲ್ಲ," ಅಂತ ಹೇಳಿ, ತನ್ನ ಬಲಗೈ ಮುಂದ ಹಿಡದು ನೋಡಿಕೊಂಡು, ಹದಿನಾಕು ವರ್ಷದಾಗ ನಾ ಎಂದೂ ನೋಡದಂಗ ಒದರಿ ಅತ್ತಳು.